ಪರದೆ ಮೇಲೆ ಶೇ 80, ಮುಗಿದದ್ದು ಬರೀ ಶೇ 40!
ಕಂಪ್ಯೂಟರ್ ಅನುವಾದಕರ ಲೆಕ್ಕ ತಪ್ಪೋದು ಎಲ್ಲಿ?

ಅಕ್ಕಲಕೋಟ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಗಡಿಭಾಗದ ನಮ್ಮ ಮಂದಿಗೆ ಎರಡು ಭಾಷೆ ಬರೋದು ದೊಡ್ಡ ಮಾತಲ್ಲ. ಆದರೆ ಇದೇ ಎರಡು ಭಾಷೆ ಮನೆಯಲ್ಲೇ ಕುಳಿತು ನಾಲ್ಕು ದುಡ್ಡು ಗಳಿಸುವ ದಾರಿಯೂ ಹೌದು. ಬ್ಯಾಂಕಿನ ಅರ್ಜಿ, ಮೊಬೈಲ್ ಆ್ಯಪ್, ಪಠ್ಯಪುಸ್ತಕ ಎಲ್ಲಕ್ಕೂ ಅನುವಾದ ಬೇಕು. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮದ ಮಕ್ಕಳಿಗೂ ಪುಸ್ತಕ ಹೊರತರುತ್ತಿರುವುದು ಸೊಲ್ಲಾಪುರ, ಜತ್ತ ಭಾಗದ ಪಾಲಕರಿಗೆ ಗೊತ್ತಿದ್ದದ್ದೇ.

ಇಂಥ ಕೆಲಸಕ್ಕೆ ಈಗ ಅನುವಾದಕ್ಕೆಂದೇ ಇರುವ ಸಾಫ್ಟ್‌ವೇರ್ ಬಳಸುವುದು ರೂಢಿ. ಇಡೀ ಬರಹವನ್ನು ಅದು ವಾಕ್ಯ ವಾಕ್ಯವಾಗಿ ಬಿಡಿಸಿ ಕೊಡುತ್ತದೆ. ಇಂಥ ಒಂದೊಂದು ತುಂಡಿಗೆ ‘ಸೆಗ್ಮೆಂಟ್’ ಎನ್ನುತ್ತಾರೆ. ಒಮ್ಮೆ ಮಾಡಿದ ಅನುವಾದ ನೆನಪಿಟ್ಟುಕೊಂಡು, ಅದೇ ವಾಕ್ಯ ಮತ್ತೆ ಬಂದಾಗ ತಾನೇ ಮುಂದಿಡುತ್ತದೆ. ಪಠ್ಯಪುಸ್ತಕದಲ್ಲಿ ‘ರಿಕಾಮ್ಯಾ ಜಾಗಾ ಭರಾ’ ಎಂದು ಐವತ್ತು ಸಲ ಬಂದರೂ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಒಮ್ಮೆ ಬರೆದರೆ ಸಾಕು.

ತೊಂದರೆ ಇರೋದು ‘ಕೆಲಸ ಎಷ್ಟಾಯ್ತು’ ಎಂಬ ಲೆಕ್ಕದಲ್ಲಿ.

ಕಟ್ಟು ಎಣಿಸಿದರೆ ತೂಕ ಆಯ್ತೇ?

ಒಂದು ಫೈಲಿನಲ್ಲಿ 100 ಸೆಗ್ಮೆಂಟ್, ಒಟ್ಟು 1,000 ಪದ ಇವೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 80 ಸೆಗ್ಮೆಂಟ್ ಐದೈದು ಪದದ ಸಣ್ಣವು, ಉಳಿದ 20 ಮೂವತ್ತು ಪದದ ಉದ್ದನೆಯವು. ಸಣ್ಣವನ್ನೆಲ್ಲ ಮುಗಿಸಿದಾಗ ಸೆಗ್ಮೆಂಟ್ ಎಣಿಸುವ ಸಾಫ್ಟ್‌ವೇರ್ ಶೇ 80 ಎಂದು ತೋರಿಸುತ್ತದೆ. ಪದದ ಲೆಕ್ಕ ಹಿಡಿದರೆ ಆದದ್ದು 400, ಅಂದರೆ ಶೇ 40 ಮಾತ್ರ. ಕೂಲಿ ಸಿಗುವುದು ಪದಕ್ಕೆ ಇಷ್ಟು ಅಂತ. ಕಬ್ಬಿನ ಕಟ್ಟು ಎಣಿಸಿ ಯಾರಾದರೂ ಬಿಲ್ ಮಾಡುತ್ತಾರೆಯೇ? ಕಾಟಾದ ಮೇಲೆ ತೂಗಲೇಬೇಕು.

ಪರದೆ ನೋಡಿ ‘ನಾಳೆ ಕೊಡ್ತೀನ್ರಿ’ ಎಂದವರು ಮೂರು ದಿನ ನಿದ್ದೆಗೆಡಬೇಕಾಗುತ್ತದೆ. ಮಾತು ತಪ್ಪಿದರೆ ಮುಂದಿನ ಕೆಲಸ ಬೇರೆಯವರ ಪಾಲು.

ಪದ ಎಣಿಸುವಾಗಲೂ ಎಚ್ಚರ ಬೇಕು. ‘ಶಾಳೇತ ಜಾವೇ ಲಾಗಣಾರ ಆಹೇ’ ಎಂಬುದು ಮರಾಠಿಯಲ್ಲಿ ನಾಲ್ಕು ಪದ. ‘ಶಾಲೆಗೆ ಹೋಗಬೇಕಾಗುತ್ತದೆ’ ಎಂದರೆ ಕನ್ನಡದಲ್ಲಿ ಎರಡೇ. ಕನ್ನಡದ ಪದ ಎಣಿಸಿ ಕೂಲಿ ಕೊಟ್ಟರೆ ಈ ವಾಕ್ಯಕ್ಕೆ ಅರ್ಧವೇ ಸಿಕ್ಕಂತೆ! ಮೂಲ ಬರಹದ ಪದವೋ, ಅನುವಾದದ ಪದವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

‘ಆಯ್ತು’ ಎಂದರೆ ಯಾವ ಆಯ್ತು?

ಇನ್ನೊಂದು ತೊಡಕು ಇದೆ. ಬರೆದದ್ದು, ತಿದ್ದಿದ್ದು, ಒಪ್ಪಿಗೆಯಾದದ್ದು ಎಲ್ಲವೂ ‘ಆಯ್ತು’ ಎಂಬ ಒಂದೇ ಖಾತೆಗೆ ಬಿದ್ದರೆ ಲೆಕ್ಕ ಕೆಡುತ್ತದೆ. ಮಗ್ಗದ ಮೇಲಿನ ಅರ್ಧ ಚಾದರವನ್ನು ತಯಾರಾದ ಮಾಲಿನಲ್ಲಿ ಜಮಾ ಹಿಡಿದಂತೆ! ಈಗಂತೂ ಯಂತ್ರವೇ ಮೊದಲು ಅನುವಾದ ತುಂಬಿ ಕಳಿಸುವುದುಂಟು. ಅದನ್ನೂ ‘ಆದದ್ದು’ ಎಂದು ಎಣಿಸಿದರೆ, ಕೈ ಹಚ್ಚುವ ಮೊದಲೇ ಶೇ 100 ಆಗಿಬಿಡುತ್ತದೆ. ಆದರೆ ಪ್ರತಿ ಸಾಲು ಓದಿ ತಿದ್ದುವ ಕೆಲಸ ಹಾಗೇ ಉಳಿದಿರುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಅನುವಾದದ ಫೈಲುಗಳಿಗಾಗಿ 2014ರಲ್ಲಿ ಬಂದ ಎಕ್ಸ್‌ಲಿಫ್ 2.0 ಎಂಬ ಮಾನಕದಲ್ಲಿ ನಾಲ್ಕು ಹಂತಗಳಿವೆ: ಆರಂಭ, ಅನುವಾದವಾಗಿದೆ, ಪರಿಶೀಲನೆಯಾಗಿದೆ, ಅಂತಿಮ. ಸಾಫ್ಟ್‌ವೇರ್ ಅನುವಾದದಲ್ಲಿ ಬಳಸುವ ‘ಗೆಟ್‌ಟೆಕ್ಸ್ಟ್’ ಕೂಡ ಆದದ್ದು, ಸಂಶಯದ್ದು, ಆಗದ್ದು ಎಂದು ಮೂರು ಲೆಕ್ಕ ಬೇರೆ ಬೇರೆ ಕೊಡುತ್ತದೆ. ಸಾಫ್ಟ್‌ವೇರ್ ಮಾಡುವವರು ಇವನ್ನು ಪದದ ಲೆಕ್ಕದಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಪರದೆಯ ಮೇಲೇ ತೋರಿಸಿದರೆ, ದಿನಕ್ಕೆ ಎಷ್ಟು ಸಾಗಿತು ಎಂದೂ ಬರೆದಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಸದ್ಯಕ್ಕೆ ಏನು ಮಾಡಬಹುದು?

ಪುಕ್ಕಟೆ ಸಿಗುವ ‘ಒಮೆಗಾಟಿ’ ಬಳಸುವವರು ಪರದೆಯ ಕೆಳಗಿನ ಅಂಕಿಯನ್ನಷ್ಟೇ ನಂಬಬೇಕಿಲ್ಲ. ಅದು ಸೆಗ್ಮೆಂಟ್ ಲೆಕ್ಕ. ಅದರ ಅಂಕಿಅಂಶ ಪಟ್ಟಿ ತೆರೆದರೆ ಒಟ್ಟು ಪದ ಎಷ್ಟು, ಉಳಿದದ್ದು ಎಷ್ಟು, ಮರುಕಳಿಸಿದವನ್ನು ಬಿಟ್ಟರೆ ಎಷ್ಟು ಎಂಬುದು ಸಿಗುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಈ ಪಟ್ಟಿ ತೆಗೆದು, ಕೆಲಸ ಕೊಟ್ಟವರಿಗೂ ಒಂದು ಪ್ರತಿ ಕಳಿಸಿರಿ. ಮರುಕಳಿಸಿದ ವಾಕ್ಯಕ್ಕೆ ಕೂಲಿ ಎಷ್ಟು, ತಿದ್ದುವುದಕ್ಕೆ ಎಷ್ಟು ಎಂಬುದೂ ಬರವಣಿಗೆಯಲ್ಲಿರಲಿ.

ದಿನಾ ಸಂಜೆ ಉಳಿದ ಪದಗಳ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡಿ. ನಿನ್ನೆಯದರಲ್ಲಿ ಇವತ್ತಿನದು ಕಳೆದರೆ ದಿನದ ಕೆಲಸ ಎಷ್ಟೆಂದು ಗೊತ್ತಾಗುತ್ತದೆ. ಆಮೇಲೆ ಯಾರೇ ಫೋನ್ ಮಾಡಿ ‘ಎಷ್ಟಾಯ್ತ್ರಿ?’ ಎಂದು ಕೇಳಿದರೂ, ಪರದೆ ನೋಡದೆ ವಹಿ ನೋಡಿ ಧೈರ್ಯವಾಗಿ ಉತ್ತರ ಕೊಡಬಹುದು.