ಒಂದೇ ಷಡ್ಜ, ಹಲವು ನಾದ

ಕಛೇರಿಯಲ್ಲಿ ಗಾಯಕಿ, ಪಿಟೀಲು, ತಂಬೂರಿ, ಮೃದಂಗ ಎಲ್ಲವೂ ಒಂದೇ ಶ್ರುತಿಗೆ ಸೇರಿರುತ್ತವೆ. ಆದರೂ ಕಣ್ಣು ಮುಚ್ಚಿ ಕೂತವರಿಗೆ ಯಾವ ದನಿ ಯಾವುದೆಂಬ ಗೊಂದಲವಿಲ್ಲ. ಸ್ವರ ಒಂದಾದರೂ ಅದರ ಜೊತೆಗೆ ಹೊರಡುವ ಉಪಸ್ವರಗಳ ಹದ ಬೇರೆ. ಸೆಕೆಂಡಿಗೆ 200 ಸಲ ಕಂಪಿಸುವ ತಂತಿ 400, 600, 800ರ ಕಂಪನಗಳನ್ನೂ ಹೊಮ್ಮಿಸುತ್ತದೆ. ಇವುಗಳಲ್ಲಿ ಯಾವುದು ಜೋರು, ಯಾವುದು ಮೆಲು ಎಂಬುದರ ಮೇಲೆ ನಾದದ ಗುಣ ನಿಂತಿದೆ.

ತಂಬೂರಿಯಲ್ಲಿ ಈ ಹದವನ್ನು ತಿದ್ದುವುದು ಒಂದು ನೂಲಿನೆಳೆ. ಅಗಲವಾದ, ನಸು ಬಾಗಿದ ಕುದುರೆಯ ಮೇಲೆ, ತಂತಿಯಡಿಯ ಜೀವಾಳವೆಂಬ ಈ ಎಳೆಯನ್ನು ಕೊಂಚ ಸರಿಸಿದರೆ ಸಾಕು, ತಂತಿ ಕುದುರೆಯನ್ನು ಸವರುತ್ತ ಮಿಡಿದು ಝೇಂಕಾರ ಏಳುತ್ತದೆ. ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರಕ್ಕೆ ಚಲನೆಯಿಲ್ಲವೋ ಅದು ಕೇಳಬಾರದು ಎಂಬುದು ಭೌತವಿಜ್ಞಾನದ ಹಳೆಯ ನಿಯಮ. ತಂಬೂರಿಯಲ್ಲಿ ಅದೂ ಕೇಳುತ್ತದೆಂದು ಸಿ.ವಿ. ರಾಮನ್ 1921ರಲ್ಲಿ ತೋರಿಸಿದರು.

ಮೃದಂಗದ ಕಥೆ ಇನ್ನೂ ಸ್ವಾರಸ್ಯಕರ. ಬರಿಯ ಚರ್ಮದ ಹೊದಿಕೆಯ ಮೇಲಿನ ಕಂಪನಗಳು ಮೂಲದ 1.59, 2.14, 2.30 ಪಟ್ಟು, ಹೀಗೆ ಲೆಕ್ಕ ತಪ್ಪಿರುತ್ತವೆ. ಹಾಗಾಗಿ ಸದ್ದು ಬರುತ್ತದೆ, ಸ್ವರ ನಿಲ್ಲುವುದಿಲ್ಲ. ಬಲಗಡೆಯ ನಡುವಿನ ಕಪ್ಪು ಕರಣೆಯ ಭಾರ ಅವನ್ನು ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ತಂದು ಕೂರಿಸುತ್ತದೆ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾಗಿ ಮಂಡಿಸಿದರು. ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಪದರ ಪದರವಾಗಿ ಹಚ್ಚಿ ಉಜ್ಜುವ ಕುಶಲಕರ್ಮಿಗಳು ಆ ಗಣಿತವನ್ನು ಕಿವಿಯಿಂದಲೇ ಬಿಡಿಸಿಟ್ಟಿದ್ದರು.

ಗಾಯಕಿಗೆ ನೂಲೂ ಬೇಡ, ಕರಣೆಯೂ ಬೇಡ. ಗಂಟಲಿನ ಧ್ವನಿತಂತುಗಳು ಹುಟ್ಟಿಸಿದ ಉಪಸ್ವರಗಳಲ್ಲಿ ಕೆಲವನ್ನು ಬಾಯಿ, ನಾಲಿಗೆ, ತುಟಿಗಳ ಆಕಾರ ಎತ್ತಿ ಹಿಡಿಯುತ್ತದೆ, ಕೆಲವನ್ನು ಅದುಮುತ್ತದೆ. ಒಂದೇ ಶ್ರುತಿಯಲ್ಲಿ ‘ಆ’, ‘ಈ’, ‘ಊ’ ಎಂದು ಹಾಡಿ ನೋಡಿ: ಸ್ವರ ಕದಲುವುದಿಲ್ಲ, ನಾದ ಬದಲಾಗುತ್ತದೆ. ವಾದ್ಯಗಳ ಒಡಲು ಒಮ್ಮೆ ಮಾಡಿದಂತೆಯೇ ಇರುತ್ತದೆ. ಅಕ್ಷರಕ್ಕೊಂದು ಆಕಾರ ತಾಳುವ ಒಡಲು ಕಂಠಕ್ಕೆ ಮಾತ್ರ ಇದೆ.

ಕಛೇರಿಗೆ ಮುನ್ನ ಮೃದಂಗದ ಎಡಗಡೆಗೆ ರವೆಯ ಹಿಟ್ಟು ಮೆತ್ತುವುದನ್ನು ನೋಡಿದ್ದೀರಲ್ಲ? ತಗ್ಗಿನ ಗುಂಕಾರಕ್ಕೆ ಆ ಭಾರ ಬೇಕು. ಹೆಚ್ಚಾದರೆ ದನಿ ಮಂಕಾಗುತ್ತದೆ, ಕಡಿಮೆಯಾದರೆ ಗುಂಕಾರ ಹುಟ್ಟುವುದಿಲ್ಲ. ಹದ ಯಾವುದೆಂದು ಇಂದಿಗೂ ತೀರ್ಮಾನಿಸುವುದು ವಾದಕರ ಕಿವಿಯೇ.