ವೈ-ಫೈ ಬರ್ತಿಲ್ಲ ಅಂದ್ರೆ ಯಾವುದು ಬರ್ತಿಲ್ಲ?

‘ವೈ-ಫೈ ಬರ್ತಿಲ್ಲ’ ಅನ್ನೋ ಎರಡು ಪದದ ದೂರಿಗೆ ನಾಲ್ಕು ಅರ್ಥ ಇದೆ. ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಆನ್ ಆಗ್ತಾನೇ ಇಲ್ಲ ಅಂತ ಇರಬಹುದು. ಆನ್ ಆಗಿದೆ, ಆದ್ರೆ ಮನೆಯ ನೆಟ್‌ವರ್ಕ್ ಹೆಸರು ಕಾಣ್ತಿಲ್ಲ ಅಂತ ಇರಬಹುದು. ಹೆಸರು ಕಾಣುತ್ತೆ, ಪಾಸ್‌ವರ್ಡ್ ಹಾಕಿದ್ರೂ ಸೇರಿಸಿಕೊಳ್ತಿಲ್ಲ ಅಂತ ಇರಬಹುದು. ಇಲ್ಲವೇ ಸೇರಿಸಿಕೊಂಡಿದೆ, ಒಂದು ಪುಟವೂ ತೆರೆಯುತ್ತಿಲ್ಲ ಅಂತಲೂ ಇರಬಹುದು. ಹನ್ನೆರಡು ವರ್ಷ ಒಂದು ಕಂಪನಿಯ ಸಪೋರ್ಟ್ ಡೆಸ್ಕ್‌ನಲ್ಲಿ ಕೂತು ಈ ದೂರನ್ನು ದಿನಾ ಕೇಳಿದ್ದೇನೆ. ಕೆಲಸ ಬಿಟ್ಟ ಮೇಲೆ ನೆಂಟರಿಷ್ಟರ ಸಪೋರ್ಟ್ ಡೆಸ್ಕ್ ನಾನೇ ಆಗಿದ್ದೇನೆ, ಸಂಬಳ ಮಾತ್ರ ಇಲ್ಲ. ಈ ನಾಲ್ಕರಲ್ಲಿ ಯಾವುದು ಅಂತ ಗೊತ್ತಾದ ಕೂಡಲೇ ಅರ್ಧ ಕೆಲಸ ಮುಗಿದಂತೆ. ಗೊತ್ತಾಗದೆ ಕೈ ಹಾಕಿದರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಕಥೆ.

ನಮ್ಮ ಮನೆಯ ನಲ್ಲಿಯನ್ನೇ ತಗೊಳ್ಳಿ. ತಿರುಗಿಸಿದರೆ ನೀರಿಲ್ಲ. ನಲ್ಲಿಯೇ ಕೆಟ್ಟಿದೆಯೋ, ಮೇಲಿನ ಟ್ಯಾಂಕ್ ಖಾಲಿಯೋ, ಕಾರ್ಪೊರೇಷನ್‌ನವರು ಇವತ್ತು ನೀರೇ ಬಿಟ್ಟಿಲ್ಲವೋ? ಯಾರೂ ಮೊದಲೇ ಪ್ಲಂಬರ್‌ಗೆ ಫೋನ್ ಮಾಡಲ್ಲ, ಪಕ್ಕದ ಬಚ್ಚಲುಮನೆಯ ನಲ್ಲಿ ತಿರುಗಿಸಿ ನೋಡ್ತೀವಿ. ಇಲ್ಲೂ ಅಷ್ಟೇ. ಲ್ಯಾಪ್‌ಟಾಪ್ ನಲ್ಲಿ, ರೂಟರ್ ಟ್ಯಾಂಕ್, ಹೊರಗಿನಿಂದ ಬರುವ ಫೈಬರ್ ಊರಿನ ನೀರು. ವೈ-ಫೈ ಅನ್ನೋದು ಟ್ಯಾಂಕಿನಿಂದ ನಲ್ಲಿಯವರೆಗಿನ ಪೈಪು ಮಾತ್ರ. ವೈ-ಫೈ ಚೆನ್ನಾಗಿದ್ದೂ ಇಂಟರ್ನೆಟ್ ಇಲ್ಲದೇ ಇರೋದು ಇದಕ್ಕೇ.

ಪಕ್ಕದ ನಲ್ಲಿ ಅಂದರೆ ನಿಮ್ಮ ಫೋನು. ಅದನ್ನು ಅದೇ ವೈ-ಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಆಮೇಲೆ ಯಾವುದಾದರೂ ಹೊಸ ಪುಟ ತೆರೆದು ನೋಡಿ. ಡೇಟಾ ಆಫ್ ಮಾಡೋದನ್ನ ಮರೀಬೇಡಿ. ವೈ-ಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದರೆ ಇವತ್ತಿನ ಫೋನುಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತವೆ. ‘ಫೋನಲ್ಲಿ ಬರ್ತಿದೆ, ಲ್ಯಾಪ್‌ಟಾಪೇ ಸರಿಯಿಲ್ಲ’ ಅಂತ ಜನ ತಪ್ಪು ತೀರ್ಮಾನಕ್ಕೆ ಬರೋದು ಇಲ್ಲೇ. ಡೇಟಾ ಆಫ್ ಇದ್ದೂ ಫೋನ್‌ನಲ್ಲಿ ಪುಟ ತೆರೆದರೆ ತೊಂದರೆ ಲ್ಯಾಪ್‌ಟಾಪ್‌ನದ್ದು. ಅದರಲ್ಲೂ ತೆರೆಯದಿದ್ದರೆ ರೂಟರ್‌ನದ್ದು ಅಥವಾ ಹೊರಗಿನ ಲೈನಿನದ್ದು, ಲ್ಯಾಪ್‌ಟಾಪ್ ಮುಟ್ಟಲೇಬೇಡಿ.

ಇನ್ನು ಆನ್ ಮಾಡುವ ವಿಷಯ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ‘ಎ’ ಒತ್ತಿದರೆ ಬಲಗಡೆ ಕೆಳಗೆ ಪುಟ್ಟ ಚೌಕಗಳು ಬರುತ್ತವೆ. ಅದರಲ್ಲಿ ವೈ-ಫೈ ಆನ್ ಇರಬೇಕು, ಏರೋಪ್ಲೇನ್ ಮೋಡ್ ಆಫ್ ಇರಬೇಕು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ ಅಥವಾ ಆಂಟೆನಾದ ಚಿತ್ರ ಇರುವ ಕೀ ಇರುತ್ತೆ. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿದೆ, ಹಾಗಾಗಿ ಚಿತ್ರ ನೋಡಿಯೇ ಹುಡುಕಬೇಕು. ಕೆಲವದರಲ್ಲಿ ಎಫ್‌ಎನ್ ಕೀ ಜೊತೆ ಒತ್ತಬೇಕು. ಕೀಬೋರ್ಡ್ ಒರೆಸುವಾಗ, ಮಗು ಆಟ ಆಡುವಾಗ, ಬೆಕ್ಕು ಮೇಲೆ ಓಡಾಡಿದಾಗ ಈ ಕೀ ಒತ್ತಿಹೋಗುತ್ತೆ. ಹಳೆಯ ಲ್ಯಾಪ್‌ಟಾಪ್ ಆದರೆ ಪಕ್ಕದಲ್ಲೋ ಮುಂಭಾಗದ ಅಂಚಿನಲ್ಲೋ ಸರಿಸುವ ಸಣ್ಣ ಸ್ವಿಚ್ ಇರಬಹುದು. ಅದು ಆಫ್ ಇದ್ದರೆ ಪರದೆಯ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ವ್ಯರ್ಥ. ಮ್ಯಾಕ್‌ಬುಕ್‌ನವರಿಗೆ ಈ ತಾಪತ್ರಯ ಕಡಿಮೆ, ಮೇಲಿನ ಪಟ್ಟಿಯ ವೈ-ಫೈ ಗುರುತು ಒತ್ತಿದರೆ ಮುಗೀತು.

ಆದರೆ ಆ ಚೌಕಗಳಲ್ಲಿ ವೈ-ಫೈ ಅನ್ನೋ ಚೌಕವೇ ಇಲ್ಲದಿದ್ದರೆ?

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳಿಗೆ ಆದದ್ದು ಇದೇ. ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಳ್ಳೋಕೆ ಹುಡುಗಿ ಬೆಂಗಳೂರಿಂದ ತೀರ್ಥಹಳ್ಳಿ ಕಡೆಯ ಮನೆಗೆ ಹೋಗಿದ್ದಳು. ‘ಆರು ವಾರ ಊರಿಂದಲೇ ಕೆಲಸ ಮಾಡು, ಆದರೆ ಮೀಟಿಂಗ್ ತಪ್ಪಿಸಿದರೆ ವಾಪಸ್ ಬರಬೇಕಾಗುತ್ತೆ’ ಅಂತ ಮ್ಯಾನೇಜರ್ ಮೊದಲೇ ಹೇಳಿದ್ದರು. ರಾತ್ರಿಯೆಲ್ಲ ಗಾಳಿ ಮಳೆ, ಕರೆಂಟ್ ಹೋಗಿ ಬಂದು ಮಾಡಿದೆ. ಬೆಳಗ್ಗೆ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಗುರುತೇ ಮಾಯ. ಪೇಟೆಯ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ ‘ಮದರ್‌ಬೋರ್ಡ್ ಹೋಗಿರುತ್ತೆ ಮೇಡಂ, ಬಿಟ್ಟು ಹೋಗಿ, ನಾಲ್ಕು ದಿನ’ ಅಂದರಂತೆ. ಹತ್ತೂವರೆಗೆ ಮೀಟಿಂಗ್. ಒಂಬತ್ತಕ್ಕೆ ನನಗೆ ಫೋನ್.

“ಚಿಕ್ಕಮ್ಮಾ, ಏನ್ ಮಾಡ್ಲಿ? ಇವತ್ತೇ ಬಸ್ ಹತ್ತಬೇಕಾಗುತ್ತೇನೋ. ಅಮ್ಮ ಇನ್ನೂ ವಾಕರ್ ಹಿಡ್ಕೊಂಡೇ ನಡೀತಿದ್ದಾಳೆ.”

“ಬಸ್ಸಿನ ಮಾತು ಆಮೇಲೆ. ಶಟ್‌ಡೌನ್ ಮಾಡಿ ಆನ್ ಮಾಡಿದ್ಯಾ?”

“ಮೂರು ಸಲ ಮಾಡ್ದೆ.”

“ರೀಸ್ಟಾರ್ಟ್?”

“ಎರಡೂ ಒಂದೇ ಅಲ್ವಾ?”

ಅಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಬೇಗ ಆನ್ ಆಗಲಿ ಅಂತ ಫಾಸ್ಟ್ ಸ್ಟಾರ್ಟಪ್ ಅನ್ನೋ ಏರ್ಪಾಡು ಇದೆ. ಅದು ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತೆ. ಕೆಟ್ಟ ಸ್ಥಿತಿಯೂ ಹಾಗೇ ಎದ್ದು ಬರುತ್ತೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತೆ. ಹೆಸರು ಕೇಳಿದರೆ ಉಲ್ಟಾ ಅನ್ನಿಸುತ್ತೆ, ಇರೋದು ಹೀಗೇ.

ರೀಸ್ಟಾರ್ಟ್ ಮಾಡಿದಳು, ಆಗಲಿಲ್ಲ. ಮುಂದಿನ ಹೆಜ್ಜೆ ವಿಂಡೋಸ್ ಕೀ ಜೊತೆ ‘ಎಕ್ಸ್’ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯೋದು. ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಅನ್ನೋ ಸಾಲನ್ನು ಬಿಡಿಸಿದರೆ, ಹೆಸರಿನಲ್ಲಿ ವೈ-ಫೈ ಅಥವಾ ವೈರ್‌ಲೆಸ್ ಅಂತ ಇರುವ ಒಂದು ಸಾಧನ ಸಿಗಬೇಕು. ಅದರ ಮೇಲೆ ಕೆಳಮುಖದ ಬಾಣ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಬಲ ಕ್ಲಿಕ್ ಮಾಡಿ ಎನೇಬಲ್ ಕೊಟ್ಟರೆ ಸಾಕು. ಹಳದಿ ತ್ರಿಕೋನ ಇದ್ದರೆ ಕಾರ್ಡ್ ಇದೆ, ಆದರೆ ಸರಿಯಾಗಿ ಕೆಲಸ ಮಾಡ್ತಿಲ್ಲ, ಹೆಚ್ಚಿನ ಸಲ ಅದು ಡ್ರೈವರ್‌ನ ಗಲಾಟೆ. ಸಾಧನವೇ ಕಾಣದಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಆನ್ ಮಾಡಿ. ಒಳಗೆ ಉಳಿದ ವಿದ್ಯುತ್ ಇಳಿದು ಕಾರ್ಡ್ ಮತ್ತೆ ಎಚ್ಚರವಾಗುವುದುಂಟು. ಇಷ್ಟಾದರೂ ಕಾಣಲಿಲ್ಲ ಅಂದಾಗ ಅಂಗಡಿಯ ಮಾತು. ಅಲ್ಲೂ ಮೊದಲು ಕೇಳಬೇಕಾದ್ದು ಮದರ್‌ಬೋರ್ಡ್ ಬಗ್ಗೆ ಅಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಕಾರ್ಡ್ ಬಿಸ್ಕತ್ತಿಗಿಂತ ಚಿಕ್ಕದಾದ ಪ್ರತ್ಯೇಕ ತುಂಡು, ಅದೊಂದನ್ನೇ ಬದಲಾಯಿಸಬಹುದು. ಕಾರ್ಡ್ ಬೋರ್ಡಿಗೇ ಬೆಸೆದುಕೊಂಡಿದ್ದರೆ ಯುಎಸ್‌ಬಿಗೆ ಚುಚ್ಚುವ ವೈ-ಫೈ ಡಾಂಗಲ್ ಸಾಕಾಗುತ್ತೆ.

ನಮ್ಮ ಹುಡುಗಿಯದ್ದು ಹಳದಿ ತ್ರಿಕೋನ. ಆದರೆ ಗಂಟೆ ಹತ್ತಾಗುತ್ತಿತ್ತು. ಮೀಟಿಂಗಿಗೆ ಮುಂಚೆ ಡ್ರೈವರ್ ಮುಟ್ಟೋದು ಬೇಡ ಅಂದೆ. ಫೋನ್ ಚಾರ್ಜ್ ಮಾಡೋ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಸೇರಿಸಿ, ಹಾಟ್‌ಸ್ಪಾಟ್ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿಸಿದೆ. ಕೇಬಲ್ಲು ಡೇಟಾ ಸಾಗಿಸುವಂಥದ್ದಿರಬೇಕು, ಬರೀ ಚಾರ್ಜಿಂಗ್ ಕೇಬಲ್ ಆಗಲ್ಲ. ಇದಕ್ಕೆ ಲ್ಯಾಪ್‌ಟಾಪ್‌ನ ವೈ-ಫೈ ಬೇಕೇ ಇಲ್ಲ, ತಂತಿಯ ನೆಟ್‌ವರ್ಕ್ ಥರ ಸೇರಿಕೊಳ್ಳುತ್ತೆ. ಮಹಡಿಯ ಕಿಟಕಿ ಹತ್ತಿರ ಎರಡು ಕಡ್ಡಿ ಸಿಗ್ನಲ್. ವಿಡಿಯೊ ಆಫ್ ಮಾಡಿ, ಮಾತಲ್ಲೇ ಮೀಟಿಂಗ್ ಮುಗಿಸಿದಳು. ಇನ್ನೊಂದು ಸಂಗತಿ: ಹಲವು ಆಂಡ್ರಾಯ್ಡ್ ಫೋನುಗಳು ಮನೆಯ ವೈ-ಫೈಗೆ ಸೇರಿಕೊಂಡಿರುವಾಗ ಅದನ್ನೇ ಈ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ದಾಟಿಸುತ್ತವೆ, ಡೇಟಾ ಪ್ಯಾಕ್ ಖರ್ಚಾಗಲ್ಲ. ವೈ-ಫೈ ಸರಿಮಾಡೋಕೆ ಡ್ರೈವರ್ ಬೇಕು, ಡ್ರೈವರ್ ಇಳಿಸೋಕೆ ಇಂಟರ್ನೆಟ್ ಬೇಕು ಅನ್ನೋ ಇಕ್ಕಟ್ಟಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಮೀಟಿಂಗ್ ಆದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಮೇಲೆ ಬಲ ಕ್ಲಿಕ್, ಅನ್‌ಇನ್‌ಸ್ಟಾಲ್ ಡಿವೈಸ್. ಆಗ ಡ್ರೈವರನ್ನೂ ತೆಗೆದುಹಾಕಲೇ ಅಂತ ಒಂದು ಸಣ್ಣ ಚೌಕ ಕೇಳುತ್ತೆ, ಅದಕ್ಕೆ ಟಿಕ್ ಹಾಕಬಾರದು. ಆಮೇಲೆ ರೀಸ್ಟಾರ್ಟ್. ವಿಂಡೋಸ್ ತಾನೇ ಕಾರ್ಡನ್ನು ಹುಡುಕಿ ಕೂರಿಸಿಕೊಂಡಿತು, ವೈ-ಫೈ ಚೌಕ ವಾಪಸ್ ಬಂತು, ಮನೆಯ ನೆಟ್‌ವರ್ಕಿಗೆ ಸೇರಿಕೊಂಡಿತು. “ಬಂತು ಚಿಕ್ಕಮ್ಮಾ!” ಅಂತ ಕೂಗಿದಳು. ಅರ್ಧ ನಿಮಿಷಕ್ಕೆ “ಅಯ್ಯೋ, ಪುಟ ತೆರೀತಿಲ್ಲ” ಅಂತ ಇನ್ನೊಂದು ಕೂಗು.

“ರೂಟರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಏನಾದ್ರೂ ಇದೆಯಾ?”

“ಒಂದು ಮಿಣುಕ್ತಾ ಇದೆ. ಎಲ್‌ಓಎಸ್ ಅಂತ ಬರ್ದಿದೆ.”

ಹಾಗಾದರೆ ಅವತ್ತು ಕೆಟ್ಟದ್ದು ಎರಡು. ಲ್ಯಾಪ್‌ಟಾಪ್‌ನ ಡ್ರೈವರ್ ಒಂದು, ಹೊರಗಿನ ಫೈಬರ್ ಇನ್ನೊಂದು. ಎರಡಕ್ಕೂ ಸಂಬಂಧ ಇಲ್ಲ. ಎಲ್‌ಓಎಸ್ ಅಂದರೆ ಲಾಸ್ ಆಫ್ ಸಿಗ್ನಲ್, ಫೈಬರ್‌ನಲ್ಲಿ ಬರಬೇಕಾದ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ ಅಂತ. ಮರ ಬಿದ್ದು ಎಲ್ಲೋ ಎಳೆ ತುಂಡಾಗಿರಬೇಕು, ಮಲೆನಾಡಿನ ಜುಲೈಯಲ್ಲಿ ಅದೇನು ಹೊಸದಲ್ಲ. ಬೆಂಗಳೂರಾದರೆ ರಸ್ತೆ ಅಗೆದವರ ಗುದ್ದಲಿ. ಈ ಕೆಂಪು ದೀಪ ಇದ್ದಾಗ ಲ್ಯಾಪ್‌ಟಾಪ್‌ನಲ್ಲಿ ಮಾಡುವ ಯಾವ ಕಸರತ್ತೂ ಉಪಯೋಗಕ್ಕೆ ಬಾರದು. ಮನೆಯೊಳಗೆ ನೋಡಬಹುದಾದ್ದು ಒಂದೇ, ಪೆಟ್ಟಿಗೆಗೆ ಬರುವ ತೆಳ್ಳನೆಯ ಎಳೆ ಕಪಾಟಿನ ಹಿಂದೆ ಚೂಪಾಗಿ ಮಡಚಿಕೊಂಡಿದೆಯೇ ಅಂತ. ಫೈಬರ್ ಮಡಚಿದರೆ ಬೆಳಕು ಸೋರಿಹೋಗುತ್ತೆ. ಇಲ್ಲವಾದರೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ ‘ಇಂಟರ್ನೆಟ್ ಇಲ್ಲ’ ಅನ್ನಬೇಡಿ, ‘ಎಲ್‌ಓಎಸ್ ಕೆಂಪಾಗಿದೆ’ ಅನ್ನಿ. ಆಗ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನೋ ಪಾಠ ತಪ್ಪುತ್ತೆ, ನೇರ ಲೈನ್‌ಮನ್ ಬರ್ತಾರೆ. ಅವಳಿಗೆ ಮರುದಿನ ಸಂಜೆ ಬಂದು ಜೋಡಿಸಿಕೊಟ್ಟರು. ಆರು ವಾರ ಪೂರ್ತಿ ಊರಲ್ಲೇ ಇದ್ದು, ಅಕ್ಕ ವಾಕರ್ ಬಿಟ್ಟ ಮೇಲೆಯೇ ಬಸ್ ಹತ್ತಿದಳು.

ದೀಪಗಳೆಲ್ಲ ಹಸಿರು, ಫೋನಿನಲ್ಲಿ ಬರುತ್ತೆ, ಲ್ಯಾಪ್‌ಟಾಪ್ ಮಾತ್ರ ‘ನೋ ಇಂಟರ್ನೆಟ್’ ಅನ್ನುತ್ತಿದ್ದರೆ ಮೊದಲು ಆ ನೆಟ್‌ವರ್ಕನ್ನು ಫರ್ಗೆಟ್ ಮಾಡಿ ಪಾಸ್‌ವರ್ಡ್ ಹೊಸದಾಗಿ ಹಾಕಿ. ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಪ್ರಾಪರ್ಟೀಸ್ ಪುಟಕ್ಕೆ ಹೋಗಿ ಐಪಿವಿ4 ವಿಳಾಸ ನೋಡಿ. ಮನೆಯ ರೂಟರ್ ಕೊಡುವ ವಿಳಾಸ ಸಾಮಾನ್ಯವಾಗಿ 192.168 ಅಂತ ಶುರುವಾಗುತ್ತೆ. 169.254 ಅಂತ ಇದ್ದರೆ ರೂಟರ್ ವಿಳಾಸ ಕೊಟ್ಟೇ ಇಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಆಗ ರೂಟರ್ ಆಫ್ ಮಾಡಿ ಆನ್ ಮಾಡೋದು ಸರಿಯಾದ ಮದ್ದು. ವಿಳಾಸ ಸರಿ ಇದ್ದೂ ಹೆಸರು ಹಾಕಿದ ಸೈಟುಗಳು ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಬೇಕು. ಅದೇ ಪುಟದಲ್ಲಿ ಡಿಎನ್‌ಎಸ್ ಅನ್ನು ಮ್ಯಾನುಯಲ್ ಮಾಡಿ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಕೊಟ್ಟು ನೋಡಬಹುದು. ಆಫೀಸ್ ಲ್ಯಾಪ್‌ಟಾಪ್ ಆದರೆ ಮಾತ್ರ ಇದನ್ನು ಮುಟ್ಟಬೇಡಿ, ಐಟಿಯವರನ್ನು ಕೇಳಿ. ಅದರಲ್ಲಿ ಮೊದಲು ನೋಡಬೇಕಾದ್ದು ವಿಪಿಎನ್. ವಿಪಿಎನ್ ಆಫ್ ಮಾಡಿದ ಕೂಡಲೇ ಎಲ್ಲ ತೆರೆದರೆ ನಿಮ್ಮ ಮನೆಯ ವೈ-ಫೈ ನಿರಪರಾಧಿ.

ಗಡಿಯಾರವನ್ನೂ ಒಮ್ಮೆ ನೋಡಿ. ಎಷ್ಟೋ ದಿನ ಮೂಲೆಯಲ್ಲಿದ್ದ ಲ್ಯಾಪ್‌ಟಾಪ್‌ನಲ್ಲಿ ತಾರೀಖು ತಪ್ಪಾಗಿದ್ದರೆ ಸೈಟುಗಳ ಭದ್ರತಾ ಪತ್ರದ ಅವಧಿ ತಾಳೆಯಾಗಲ್ಲ. ‘ಈ ಸಂಪರ್ಕ ಸುರಕ್ಷಿತವಲ್ಲ’ ಅಂತ ಎಲ್ಲ ಪುಟದಲ್ಲೂ ಬರುತ್ತೆ.

ನೆಟ್‌ವರ್ಕ್ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು 2.4 ಮತ್ತು 5 ಗಿಗಾಹರ್ಟ್ಸ್ ವಿಷಯ ಆಗಿರಬಹುದು. ರೂಟರ್‌ನ ಹೆಸರಿನ ಕೊನೆಗೆ ‘5ಜಿ’ ಅಂತ ಇರುವುದಕ್ಕೂ ಮೊಬೈಲ್‌ನ 5ಜಿಗೂ ಏನೇನೂ ಸಂಬಂಧ ಇಲ್ಲ, ಅದು 5 ಗಿಗಾಹರ್ಟ್ಸ್ ಅಷ್ಟೇ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಗೆ ಲೈಸೆನ್ಸ್ ಬೇಡ ಅಂತ ಆದದ್ದು 2005ರಲ್ಲಿ, 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗ ಮುಕ್ತವಾದದ್ದು 2018ರಲ್ಲಿ. ಹಳೆಯ, ಅಗ್ಗದ ಲ್ಯಾಪ್‌ಟಾಪ್‌ಗಳ ಕಾರ್ಡಿಗೆ 5 ಕಾಣುವುದೇ ಇಲ್ಲ. 5ರಲ್ಲಿ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ದೂರ ಹೋಗುತ್ತೆ, ಆದರೆ ಅಲ್ಲಿ ಬ್ಲೂಟೂತ್, ಪಕ್ಕದ ಫ್ಲ್ಯಾಟುಗಳ ರೂಟರ್, ಮೈಕ್ರೊವೇವ್ ಒಲೆ ಎಲ್ಲ ಒಂದೇ ಸಂತೆ. ದಪ್ಪ ಮಣ್ಣಿನ ಗೋಡೆಯ, ಜಂಬಿಟ್ಟಿಗೆಯ ಹಳೇ ಮನೆಗಳಲ್ಲಿ ಎರಡು ಕೋಣೆ ದಾಟುವಷ್ಟರಲ್ಲಿ 5 ಸೋತುಹೋಗುತ್ತೆ. ರೂಟರನ್ನು ಟಿವಿಯ ಹಿಂದೆ, ಸ್ಟೀಲ್ ಬೀರುವಿನ ಪಕ್ಕ ಅಡಗಿಸಿಡುವ ನಮ್ಮ ಅಭ್ಯಾಸವಂತೂ ಯಾಕೆ ಬಂತೋ ಗೊತ್ತಿಲ್ಲ. ಚೆಂದ ಕಾಣಲ್ಲ ಅಂತಿರಬೇಕು. ನಡುಮನೆಯಲ್ಲಿ, ಎತ್ತರದಲ್ಲಿ, ಎದುರಿಗೆ ಕಾಣುವಂತೆ ಇಡಿ.

ಆಗಾಗ ಸಂಪರ್ಕ ತಾನೇ ಕಡಿದುಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನ ಅದೇ ಸಾಧನದ ಪವರ್ ಮ್ಯಾನೇಜ್‌ಮೆಂಟ್ ಪುಟ ನೋಡಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನೋ ಅನುಮತಿಯ ಟಿಕ್ ತೆಗೆದರೆ ಎಷ್ಟೋ ಸಲ ನಿಲ್ಲುತ್ತೆ. ಎಲ್ಲಾ ಲ್ಯಾಪ್‌ಟಾಪ್‌ಗಳಲ್ಲಿ ಆ ಪುಟ ಇರುವುದಿಲ್ಲ. ಏನೂ ನಡೆಯದಿದ್ದಾಗ ಕೊನೆಗೆ ನೆಟ್‌ವರ್ಕ್ ರೀಸೆಟ್ ಇದೆ. ಆದರೆ ಅದು ಉಳಿಸಿದ ಎಲ್ಲ ವೈ-ಫೈ ಪಾಸ್‌ವರ್ಡ್‌ಗಳನ್ನೂ ಅಳಿಸುತ್ತೆ, ವಿಪಿಎನ್ ಮತ್ತೆ ಹಾಕಬೇಕಾಗಬಹುದು. ಪಾಸ್‌ವರ್ಡ್ ಬರೆದಿಟ್ಟುಕೊಂಡೇ ಮಾಡಿ.

ಕರೆಂಟ್ ಕೈಕೊಡುವ ಊರಾದರೆ ರೂಟರ್‌ಗೊಂದು ಪುಟ್ಟ ಯುಪಿಎಸ್ ತನ್ನಿ. ತರುವ ಮುಂಚೆ ರೂಟರ್‌ನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಬರೆದಿದೆ ನೋಡಿ, 12 ಇರಬಹುದು, 9 ಇರಬಹುದು. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಕರೆಂಟ್ ಹೋದಾಗ ವೈ-ಫೈ ಪೂರ್ತಿ ಕಡ್ಡಿ ತೋರಿಸುತ್ತೆ, ಇಂಟರ್ನೆಟ್ ಇರಲ್ಲ. ಆಗ ಮತ್ತೆ ನನ್ನಂಥವರಿಗೆ ಫೋನ್ ಬರುತ್ತೆ.