ಬಿಸಿಲೂರಿನ ಜಮಾ-ಖರ್ಚು

ಬಳ್ಳಾರಿಯವನೆಂದು ಹೇಳಿಕೊಂಡ ಕೂಡಲೆ ಎದುರಿನವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುವುದನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಮೈಸೂರಿನ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು, “ಆ ಮರುಭೂಮಿಯಲ್ಲಿ ಹೇಗಪ್ಪಾ ಇರುತ್ತೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬಡಿಸುವವನನ್ನು ಕರೆದು ನನಗೆ ಇನ್ನೊಂದು ಲೋಟ ಮಜ್ಜಿಗೆ ಕೊಡಿಸಿದರು. ಮಜ್ಜಿಗೆ ಚೆನ್ನಾಗಿತ್ತು. ಕುಡಿದು ಸುಮ್ಮನಾದೆ.

ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದ ಕಾಲ ಈಗ ಬಂದಿದೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದಾಗ ಬಂದ ಹಣದಲ್ಲಿ, ಊರಿಗೆ ನಾಲ್ಕೈದು ಮೈಲಿ ದೂರದ ಸಂಗನಕಲ್ಲಿನ ದಾರಿಯಲ್ಲಿ, ಮೂವತ್ತಕ್ಕೆ ನಲವತ್ತರ ಒಂದು ನಿವೇಶನವನ್ನು ಕೊಂಡಿದ್ದೆ. ಅಲ್ಲಿ ಮನೆ ಕಟ್ಟಿಸಬೇಕೆ, ಅಥವಾ ಅದನ್ನು ಮಾರಿ ಬೆಂಗಳೂರಿನಲ್ಲಿ ಮಗನೊಡನೆ ಇರಬೇಕೆ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ನಡೆದಿದೆ. ನನ್ನ ಹೆಂಡತಿ ಮಾರ್ಚಿಯಿಂದ ಜೂನ್‌ವರೆಗೆ ಮಗನ ಪಕ್ಷ. ದೀಪಾವಳಿ ಕಳೆದ ಮೇಲೆ ನನ್ನ ಪಕ್ಷ. ಹೀಗಾಗಿ ಈ ಊರಿನಲ್ಲಿ ಬಾಳುವುದರ ಜಮಾ ಎಷ್ಟು, ಖರ್ಚು ಎಷ್ಟು ಎಂದು ನನ್ನಷ್ಟಕ್ಕೆ ನಾನೇ ಲೆಕ್ಕ ಹಾಕಿಕೊಳ್ಳಬೇಕಾಯಿತು.

ಮೊದಲು ಒಂದು ಅಪವಾದವನ್ನು ನಿವಾರಿಸಿಬಿಡುತ್ತೇನೆ. ಬಳ್ಳಾರಿ ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿಯೆನ್ನುವುದು ವಾಡಿಕೆ. ನಮ್ಮಲ್ಲಿ ಹೆಚ್ಚುಕಡಿಮೆ 500 ಮಿಲಿಮೀಟರ್ ಬೀಳುತ್ತದೆ. ಪಡುವಣದ ಮುಂಗಾರು ಮೋಡಗಳು ಸಹ್ಯಾದ್ರಿಯ ಮೇಲೆ ತಮ್ಮ ಸಂಪತ್ತನ್ನೆಲ್ಲ ಸುರಿದು, ಬರಿಗೈಯಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಬಂಗಾಳ ಕೊಲ್ಲಿಯಿಂದ ಬರುವ ಹಿಂಗಾರು ಇಲ್ಲಿಗೆ ತಲಪುವಷ್ಟರಲ್ಲಿ ಬಳಲಿರುತ್ತದೆ. ಎರಡೂ ಕಡೆಯ ನೆಂಟರು ಉಂಡು ಮಿಕ್ಕದ್ದು ನಮ್ಮ ಪಾಲು. ಅದೂ ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಂದು ಮುಗಿಯುತ್ತದೆ. ಆಗಸ್ಟಿನಲ್ಲಿ ಸಿರುಗುಪ್ಪದ ಕಡೆ ಹೋದವರು ಕಾಲುವೆಯ ಕೆಳಗಿನ ಭತ್ತದ ಗದ್ದೆಗಳನ್ನು ನೋಡಿ, ಇದೇ ಜಿಲ್ಲೆಯೇ ಎಂದು ಬೆರಗಾಗುವುದುಂಟು. ಆದರೆ ಆ ಹಸುರು ಮಳೆಯದಲ್ಲ, ಸಾಲ ತಂದ ನೀರಿನದು. ಆ ಮಾತು ಮುಂದೆ ಬರುತ್ತದೆ.

ಜಮಾ ಕಡೆಯಿಂದಲೇ ಪ್ರಾರಂಭಿಸೋಣ. ನಮ್ಮ ಬಿಸಿಲು ಒಣ ಬಿಸಿಲು. ಮಂಗಳೂರಿನಲ್ಲಿ 33 ಡಿಗ್ರಿಗೇ ಮೈಯೆಲ್ಲ ತೊಯ್ದು ತೊಪ್ಪೆಯಾಗುವ ನಾನು, ಬಳ್ಳಾರಿಯಲ್ಲಿ 38 ಡಿಗ್ರಿಯ ಮಧ್ಯಾಹ್ನ ನೆರಳಿನಲ್ಲಿ ಕುಳಿತು ಉತ್ತರ ಪತ್ರಿಕೆಗಳನ್ನು ತಿದ್ದಿದ್ದೇನೆ. ಒಣ ಗಾಳಿ ಬೆವರನ್ನು ಮೈಮೇಲೆ ನಿಲ್ಲಗೊಡುವುದಿಲ್ಲ. ಅದನ್ನು ಹೀರುವಾಗಲೇ ಮೈಯ ಕಾವನ್ನೂ ಕೊಂಡೊಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ, ಕಿಟಕಿಗೆ ಕಟ್ಟಿದ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆಯೆಲ್ಲ ತಂಪಾಗುವುದೂ ಇದೇ ನ್ಯಾಯದಿಂದ. ಕರಾವಳಿಯಲ್ಲಿ ಈ ಉಪಾಯಗಳು ಇಷ್ಟು ಸಾಗುವುದಿಲ್ಲ. ಅಲ್ಲಿಯ ಗಾಳಿ ಮೊದಲೇ ನೆನೆದಿರುತ್ತದೆ.

ಎರಡನೆಯ ಜಮಾ ಇರುಳು. ಒಣ ನಾಡಿನ ನಿಜವಾದ ಐಶ್ವರ್ಯ ಅದೇ. ಆಕಾಶದಲ್ಲಿ ತೇವದ ಹೊದಿಕೆ ಇಲ್ಲದಿರುವುದರಿಂದ ಹಗಲೆಲ್ಲ ನೆಲ ಕುಡಿದ ಕಾವು ಸಂಜೆಯಾದ ಮೇಲೆ ತಡೆಯಿಲ್ಲದೆ ಮೇಲಕ್ಕೆ ಹೊರಟುಹೋಗುತ್ತದೆ. ನಾನು ಹುಟ್ಟಿದ ಮನೆ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆ. ತೊಲೆ, ಜಂತಿಗಳ ಮೇಲೆ ಮೊಳದಷ್ಟು ಮಣ್ಣು, ನಡುವೆ ಒಂದು ಬೆಳಕಿಂಡಿ. ಅಪರಾಹ್ನದ ಬಿಸಿಲು ಆ ಗೋಡೆಯನ್ನು ದಾಟಿ ಒಳಕ್ಕೆ ಬರುವಷ್ಟರಲ್ಲಿ ನಾವೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆಯ ಮೇಲೆ ಹೋಗಿರುತ್ತಿದ್ದೆವು. ಬೆಳಗಿನ ಜಾವಕ್ಕೆ ಹೊದಿಕೆಯನ್ನು ಹುಡುಕಬೇಕಾಗುತ್ತಿತ್ತು. ನಕ್ಷತ್ರಗಳ ಹೆಸರುಗಳನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಮಾಳಿಗೆಯ ಮೇಲೆ, ನನ್ನ ಸೋದರತ್ತೆಯಿಂದ.

ಈ ಊರಿನ ಸಂಸ್ಕೃತಿಯೂ ಇರುಳಿನದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹಗಲು ಕಳೆದುಕೊಂಡದ್ದನ್ನು ಜನ ರಾತ್ರಿ ವಸೂಲು ಮಾಡುತ್ತಾರೆ. ವೃತ್ತಿಯಿಂದ ವಕೀಲರಾಗಿದ್ದು ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದ ಬಳ್ಳಾರಿ ರಾಘವರು (1880-1946) ಈ ಊರಿನವರು. ಹಳ್ಳಿಗಳಲ್ಲಿ ಬಯಲಾಟ ಬೆಳಗಿನವರೆಗೆ ನಡೆಯುತ್ತಿತ್ತು. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಜಗಳಕ್ಕೆ ಎರಡೂ ಎಂಬ ನಮ್ಮ ಪದ್ಧತಿಯನ್ನು ಹೊರಗಿನವರು ಹಾಸ್ಯ ಮಾಡುತ್ತಾರೆ. ನನಗೆ ಅದು ಸಂಪತ್ತಾಗಿಯೇ ಕಂಡಿದೆ. ಸಂಜೆ ತೀರ ಖಾರದ ಮಿರ್ಚಿಯನ್ನು ಒಗ್ಗರಣೆ ಮಂಡಕ್ಕಿಯ ಜೊತೆ ತಿಂದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತವನಿಗೆ ಹವೆ ತಂಪಾಗಿಯೇ ತೋರುತ್ತದೆ. ಇದರ ಶಾಸ್ತ್ರೀಯ ವಿವರಣೆ ಏನೇ ಇರಲಿ, ಅನುಭವ ಸತ್ಯ.

ಇನ್ನು ಖರ್ಚು. ಒಣ ಬಿಸಿಲು ಸಹ್ಯವೆಂದೆನಲ್ಲ, ಅದರ ಮೋಸವೂ ಅಲ್ಲಿಯೇ ಇದೆ. ಬೆವರು ಕಾಣದೆ ಹೋಗುವುದರಿಂದ ಮೈಯಲ್ಲಿ ನೀರು ಬತ್ತುತ್ತಿರುವುದೂ ಕಾಣುವುದಿಲ್ಲ. ಮೂರು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ನನ್ನ ಹೆಂಡತಿ ಸಂಡಿಗೆ ಹಾಕಲು ತಾರಸಿಯ ಮೇಲೆ ಹೋದವಳು ಕೆಳಗಿಳಿಯಲಿಲ್ಲ. ನಾನು ಹೋಗಿ ನೋಡಿದಾಗ ಗೋಡೆಗೊರಗಿ ಕುಳಿತಿದ್ದಳು, ಮಾತು ತಡವರಿಸುತ್ತಿತ್ತು, ಮೈ ಒಣಗಿ ಕಾದ ಹೆಂಚಿನಂತಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡಳು. ಮಗನ ವಾದಕ್ಕೆ ಬಲ ಬಂದದ್ದು ಆ ದಿನದಿಂದ. ಅವನ ಮಾತಿಗೆ ನಾನು ಇಂದಿಗೂ ಪೂರ್ತಿ ಉತ್ತರ ಕೊಡಲಾರೆ.

ಎಲ್ಲಕ್ಕಿಂತ ದೊಡ್ಡ ಖರ್ಚಿನ ಬಾಬು ನೀರು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಈ ಜಿಲ್ಲೆ ಎಷ್ಟು ಬಳಲಿತೆಂದರೆ 1871ರಲ್ಲಿ ಎಣಿಸಿದ್ದಕ್ಕಿಂತ 1881ರಲ್ಲಿ ಎಣಿಸಿದ ಜನ ಕಡಿಮೆಯಿದ್ದರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂಬ ಆಲೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಷ್ಟು ಹಿಂದೆಯೇ ಮುಂದಿಟ್ಟಿದ್ದರೂ ಕೆಲಸ ತೊಡಗಿದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಬಳ್ಳಾರಿ ಮದ್ರಾಸಿನಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ಅಕ್ಟೋಬರ್ 1ರಂದು. ಅಂದಿನಿಂದ ನಮ್ಮ ನಗರ ನಲವತ್ತು ಮೈಲಿ ದೂರದ ಹೊಳೆಯನ್ನು ನಂಬಿ ಬದುಕುತ್ತಿದೆ. ಕಾಲುವೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ ಅಲ್ಲೀಪುರದ ಕೆರೆಯನ್ನು ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಅದನ್ನು ಅಳೆದು ಅಳೆದು ಉಣ್ಣುತ್ತೇವೆ. ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿಗೆ ಹನ್ನೊಂದು ದಿನಕ್ಕೊಮ್ಮೆ ನೀರು ಬಂತು. ಆ ದಿನ ನೆಂಟರು ಬಂದರೂ ಬಾಗಿಲು ತೆರೆಯುವವರಿರಲಿಲ್ಲ. ಮನೆಮಂದಿಯೆಲ್ಲ ಕೊಡ ಹಿಡಿದು ಹಿತ್ತಿಲಿನಲ್ಲಿರುತ್ತಿದ್ದೆವು.

ಆ ದೂರದ ಹೊಳೆಯ ಕಡೆಯ ಸಮಾಚಾರವೂ ಧೈರ್ಯ ಕೊಡುವಂಥದಲ್ಲ. ಕಟ್ಟಿದಾಗ 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಮೂವತ್ಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸಿ ನಿಲ್ಲಿಸುವವರೆಗೆ, ಸುಮಾರು ಒಂದು ವಾರ, ಬಳ್ಳಾರಿಯಲ್ಲಿ ಯಾರೂ ಬಿಸಿಲಿನ ಮಾತನ್ನೇ ಆಡಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಬಾಗಿಲು. ನಾವು ಒಂದು ಸರಪಳಿಯ ಕೊಂಡಿಗೆ ತೂಗಿಬಿದ್ದವರೆಂಬುದು ನನಗೆ ಮನದಟ್ಟಾದದ್ದು ಆಗ.

ಹಾಗಾದರೆ ಹೊಳೆಯೂ ಇಲ್ಲದ ಕಾಲದಲ್ಲಿ ಇಲ್ಲಿ ಯಾರು ಹೇಗೆ ಬದುಕಿದ್ದರು? ನನ್ನ ನಿವೇಶನದಲ್ಲಿ ನಿಂತರೆ ಸಂಗನಕಲ್ಲಿನ ಗುಡ್ಡಗಳು ಎದುರಿಗೇ ಕಾಣುತ್ತವೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಕಲ್ಲಿನ ಕೊಡಲಿಗಳನ್ನೂ ಬೂದಿದಿಬ್ಬಗಳನ್ನೂ ಲೋಕಕ್ಕೆ ತೋರಿಸಿದ. ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿಯೂ, ಅನ್ಸಾರಿ ಮತ್ತು ನಾಗರಾಜರಾವ್ ಅವರು 1960ರ ದಶಕದಲ್ಲಿಯೂ ಇಲ್ಲಿ ಉತ್ಖನನ ನಡೆಸಿದರು. ಆಮೇಲೆ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ದೀರ್ಘಕಾಲ ದುಡಿದರು. ಇವರೆಲ್ಲರ ಶ್ರಮದಿಂದ ತಿಳಿದುಬಂದದ್ದು ಇಷ್ಟು: ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ಜನ ಊರು ಕಟ್ಟಿಕೊಂಡಿದ್ದರು. ದನ ಸಾಕಿದರು, ಗಂಜಲ-ಸಗಣಿಯ ರಾಶಿಯನ್ನು ಸುಟ್ಟು ಬೂದಿಯ ದಿಬ್ಬಗಳನ್ನು ಬಿಟ್ಟರು, ಹಿರೇಗುಡ್ಡದ ಕರಿಕಲ್ಲನ್ನು ಒಡೆದು, ಉಜ್ಜಿ ಕೊಡಲಿಗಳನ್ನು ಮಾಡಿದರು. ಅವರು ಬೆಳೆದದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಎಲ್ಲವೂ ಅಲ್ಪ ತೇವದಲ್ಲಿ ಬರುವ ಪೈರುಗಳು. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಒಂದು ಹನಿಯೂ ಇಂಗದೆ ಸಂದುಗಳಿಗೆ ಇಳಿದು ದೊಣೆಗಳಲ್ಲಿ ನಿಲ್ಲುತ್ತದೆ. ಬಳ್ಳಾರಿಯ ಕೋಟೆಯ ಮೇಲೂ ಇಂಥ ದೊಣೆಗಳುಂಟು. ಬಂಡೆ ನಮಗೆ ಕಾವಿನ ಮೂಲವಾಗಿ ಕಂಡರೆ ಅವರಿಗೆ ನೀರಿನ ಮೂಲವಾಗಿಯೂ ಕಂಡಿರಬೇಕು.

ಅವರನ್ನು ಆದರ್ಶವೆಂದು ಎತ್ತಿ ಹಿಡಿಯುವುದು ನನ್ನ ಉದ್ದೇಶವಲ್ಲ. ಅವರ ಸಂಖ್ಯೆ ಅಲ್ಪ. ಅವರ ಮಕ್ಕಳಲ್ಲಿ ಎಷ್ಟು ಮಂದಿ ದೊಡ್ಡವರಾದರೋ! ಆದರೆ ಅವರು ಗುಡ್ಡವನ್ನು ಆಶ್ರಯಿಸಿ ಇದ್ದರು. ನಾವು ಗುಡ್ಡವನ್ನೇ ಒಡೆದು ಜಲ್ಲಿ ಮಾಡುತ್ತಿದ್ದೇವೆ. ಕಪ್ಪಗಲ್ಲಿನ ಕಡೆ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ. ತಟ್ಟಿದರೆ ಜಾಗಟೆಯಂತೆ ನಾದ ಕೊಡುವ ಕಲ್ಲುಗಳೂ ಇವೆ. ಕಲ್ಲುಗಣಿಯ ಸಿಡಿಮದ್ದಿನ ಸದ್ದು ಅಲ್ಲಿಯವರೆಗೂ ಬಂದಿತ್ತು.

1901ರಲ್ಲಿ ಬಳ್ಳಾರಿಯ ಜನಸಂಖ್ಯೆ ಸುಮಾರು 58 ಸಾವಿರ. 2011ರಲ್ಲಿ 4 ಲಕ್ಷ 10 ಸಾವಿರ. ಸಂಖ್ಯೆ ಏಳು ಪಟ್ಟಾದುದು ಸರಿಯೇ; ಆದರೆ ಊರು ಹರಡಿದ್ದು ಅದಕ್ಕೂ ಮಿಗಿಲೆಂದು ಕಣ್ಣಿಗೆ ತೋರುತ್ತದೆ. ಅದಿರಿನ ಹಣ ಹರಿದಾಡಿದ ವರ್ಷಗಳಲ್ಲಿ ಹೊಲಗಳು ಬಡಾವಣೆಗಳಾದುವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳ ಕೆಂಧೂಳು ಇಳಿಯಿತು, ಹೊಲ ಮಾತ್ರ ಮರಳಿ ಹೊಲವಾಗಲಿಲ್ಲ. ಈ ಹರಡುವಿಕೆ ನುಂಗುತ್ತಿರುವುದು ಯಾವುದನ್ನು? ನಮ್ಮ ಇರುಳನ್ನು. ಮಣ್ಣಿನ ಮಾಳಿಗೆಯ ಜಾಗಕ್ಕೆ ಕಾಂಕ್ರೀಟು ಬಂತು, ಎರೆ ಹೊಲದ ಜಾಗಕ್ಕೆ ಡಾಂಬರು ಬಂತು. ಇವೆರಡೂ ಹಗಲಿನ ಕಾವನ್ನು ನಡುರಾತ್ರಿಯವರೆಗೂ ಬಿಟ್ಟುಕೊಡುವುದಿಲ್ಲ. ಮಗ್ಗುಲುಮಗ್ಗುಲಿಗೆ ನಿಂತ ಗೋಡೆಗಳು ಆಕಾಶಕ್ಕೆ ಹೋಗಬೇಕಾದ ಬಿಸಿಯನ್ನು ಒಂದಕ್ಕೊಂದು ಎರಚಿಕೊಳ್ಳುತ್ತವೆ. ಒಣ ನಾಡು ಶಾಪದ ಜೊತೆಗೆ ಕೊಟ್ಟಿದ್ದ ವರ ಹೀಗೆ ಬೀದಿ ಬೀದಿಯಾಗಿ ಕಳೆದುಹೋಗುತ್ತಿದೆ. ಶಾಪ ಮಾತ್ರ ಇದ್ದಲ್ಲೇ ಇದೆ.

ಇದು ಎಲ್ಲಿಗೆ ಮುಟ್ಟಬಹುದೆಂಬುದನ್ನು ನನ್ನ ತಂಗಿಯ ಮಗನಿಂದ ಕೇಳಿದ್ದೇನೆ. ಅವನು ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರದಲ್ಲಿ ಇಂಜಿನಿಯರ್. ಅಲ್ಲಿಯೂ ಪ್ರಾಚೀನರು ಕಾಲುವೆ ತೋಡಿ ಬೇಸಾಯ ಮಾಡಿ, ಕಣ್ಮರೆಯಾಗಿದ್ದರು. ಆ ಅವಶೇಷಗಳಿಂದ ಮರಳಿ ಎದ್ದ ಊರೆಂದು ಬೂದಿಯಿಂದೇಳುವ ಹಕ್ಕಿಯ ಹೆಸರನ್ನು ಅದಕ್ಕಿಟ್ಟರು. ಕೊಲರಾಡೊ ನದಿಯ ನೀರು ಅಲ್ಲಿಗೆ ಬರುವ ಕಾಲುವೆಯ ಉದ್ದ 336 ಮೈಲಿ. 2023ರ ಬೇಸಿಗೆಯಲ್ಲಿ ಎಡೆಬಿಡದೆ 31 ದಿನ ಉಷ್ಣತೆ 43 ಡಿಗ್ರಿಯನ್ನು ಮೀರಿತು. ಅದರಲ್ಲಿ 16 ದಿನ ರಾತ್ರಿಯೂ 32ಕ್ಕಿಂತ ಕೆಳಗೆ ಇಳಿಯಲಿಲ್ಲ. ಆ ವರ್ಷ ಅಲ್ಲಿಯ ಜಿಲ್ಲೆಯೊಂದರಲ್ಲೇ ಬಿಸಿಲಿನಿಂದ ಸತ್ತವರು 600ಕ್ಕೂ ಹೆಚ್ಚು. “ಹಗಲು ಹೆಂಗೋ ಕಳೀತದ ಮಾಮಾ, ರಾತ್ರಿ ಬಾಗಿಲ ತೆಗದ್ರೂ ಒಲಿ ಮುಂದ ನಿಂತಂಗ ಆಗ್ತದ” ಎಂದ ಅವನು. ಅವನ ಮನೆಯಲ್ಲಿ ತಂಪಿನ ಯಂತ್ರ ಹಗಲಿರುಳು ನಡೆಯುತ್ತದೆ. ಅದು ಹೊರಗೆ ಉಗುಳುವ ಬಿಸಿ ಬೀದಿಗೆ ಸೇರುತ್ತದೆ. ಬಳ್ಳಾರಿಯಲ್ಲಿ ನಮ್ಮ ನೆರೆಯವರೂ ಈಗ ಆ ಯಂತ್ರವನ್ನು ಹಾಕಿಸಿದ್ದಾರೆ. ಅದರ ಉಸಿರು ನಮ್ಮ ಅಡುಗೆಮನೆಯ ಕಿಟಕಿಗೆ.

ಕಳೆದ ಏಪ್ರಿಲ್‌ನಲ್ಲಿ ನಾನೊಂದು ಸಣ್ಣ ಪರೀಕ್ಷೆ ಮಾಡಿದೆ. ಶಾಸ್ತ್ರೀಯ ಪ್ರಯೋಗವೆಂದು ಹೇಳಿಕೊಳ್ಳಲಾರೆ. ಒಂದು ಉಷ್ಣಮಾಪಕವನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿ ಹತ್ತಕ್ಕೆ ನಮ್ಮ ತಾರಸಿಯ ಮೇಲೆ ನೋಡಿ ಗುರುತು ಹಾಕಿಕೊಂಡು, ಸ್ಕೂಟರಿನಲ್ಲಿ ಸಂಗನಕಲ್ಲಿನ ದಾರಿಗೆ ಹೋಗಿ ನಿವೇಶನದಲ್ಲಿ ಮತ್ತೆ ನೋಡಿದೆ. ಮೂರು ಡಿಗ್ರಿ ಕಡಿಮೆ. ಸಂತೋಷದಿಂದ ಪಕ್ಕದ ಹೊಲದ ರೈತನಿಗೆ ಹೇಳಿದೆ. ಅವನು ಮೆಣಸಿನಕಾಯಿಯ ರಾಶಿ ಕಾಯುತ್ತ ಮಲಗಿದ್ದವನು ಎದ್ದು ಕುಳಿತು, “ಹೌದ್ರಿ ಸಾರ್, ಇಲ್ಲಿ ಇನ್ನೂ ಮನಿ ಬಿದ್ದಿಲ್ಲಲ್ರಿ” ಎಂದ. ನನ್ನನ್ನು ಚುಚ್ಚಬೇಕೆಂದು ಅವನು ಹೇಳಿದ ಮಾತಲ್ಲ ಅದು. ಆದರೂ ಮನೆಗೆ ಹಿಂದಿರುಗುವವರೆಗೆ ನನಗೆ ಅದೇ ಧ್ಯಾನ. ನಾನು ಆಸೆಪಟ್ಟ ಆ ಮೂರು ಡಿಗ್ರಿಗಳನ್ನು ಕಳೆಯುವ ಮೊದಲಿಗರಲ್ಲಿ ನಾನೂ ಒಬ್ಬ.

ಹೆಂಡತಿಗೆ ಇದೆಲ್ಲವನ್ನೂ ಒಪ್ಪಿಸಿದೆ. ಅವಳು ನನ್ನ ಜಮಾ-ಖರ್ಚನ್ನು ತಾಳ್ಮೆಯಿಂದ ಕೇಳಿ, ತನ್ನ ತೀರ್ಪು ಕೊಟ್ಟಳು: ಮನೆ ಕಟ್ಟಿಸುವುದು, ಆದರೆ ಅರ್ಧ ನೆಲದಲ್ಲಿ, ಮಿಕ್ಕರ್ಧ ಮಣ್ಣಾಗಿಯೇ ಇರಲಿ, ಒಂದು ಬೇವು ಹಾಕೋಣ. ಏಪ್ರಿಲ್, ಮೇ ಎರಡು ತಿಂಗಳು ತಾನು ಬೆಂಗಳೂರಿಗೆ ಹೋಗುವುದು ನಿಶ್ಚಯ. ನಾನು ಬರುವುದು ಬಿಡುವುದು ನನ್ನ ಇಷ್ಟ. ತಾರಸಿಯಿಂದ ಇಳಿಯುವ ಮಳೆನೀರೂ ನಲ್ಲಿಯ ನೀರೂ ಸೇರುವಂತೆ ಇಪ್ಪತ್ತು ದಿನಕ್ಕೆ ಸಾಲುವ ತೊಟ್ಟಿಯೊಂದು ನೆಲದಡಿ ಆಗಬೇಕು, ಅದು ಮೊದಲು. ಬೆಂಗಳೂರಿನ ನೀರಿನ ಕಷ್ಟವೂ ಪತ್ರಿಕೆಯಲ್ಲಿ ಬರುತ್ತದಲ್ಲ ಎಂದು ನಾನು ನೆನಪಿಸಹೋದೆ. “ಅಲ್ಲೇನರ ಇರ್ಲಿ, ರಾತ್ರಿ ಕಣ್ಣ ಮುಚ್ಚತಾವು” ಎಂದಳು.

ಕರಾರಿಗೆ ಒಪ್ಪಿದ್ದೇನೆ. ತೊಟ್ಟಿಯ ಗುಂಡಿ ತೋಡುವ ಕೆಲಸ ಕಳೆದ ವಾರ ಪ್ರಾರಂಭವಾಯಿತು. ಐದಡಿಗೆ ಬಂಡೆ ಸಿಕ್ಕಿದೆ.